ನಾಲ್ಕು ರಾಜಧಾನಿಗಳೂ ಒಬ್ಬ ಮಾರ್ಗದರ್ಶಿಯೂ

ಮೊರಾಕೊ ಎಂಬ ಹೆಸರನ್ನು ನಮ್ಮಲ್ಲಿ ಅನೇಕರು ಮೊದಲು ಕೇಳಿದ್ದು ಭೂಗೋಳದ ಪಾಠದಲ್ಲಲ್ಲ, ಪುಸ್ತಕದ ರಟ್ಟಿನ ಮಾತು ಬಂದಾಗ. ಬೆಲೆಬಾಳುವ ಗ್ರಂಥಗಳಿಗೆ ಹೊದಿಸುವ ಮೃದುವಾದ ಮೇಕೆಯ ಚರ್ಮಕ್ಕೆ ಆ ಹೆಸರಿದೆ. ದೇಶಕ್ಕೆ ಯೂರೋಪಿನವರು ಆ ಹೆಸರಿಟ್ಟದ್ದು ಮರಾಕೆಶ್ ಎಂಬ ಅದರ ಒಂದು ರಾಜಧಾನಿಯಿಂದ. ತುರ್ಕಿಯವರು ಅದೇ ದೇಶವನ್ನು ‘ಫಾಸ್’ ಎನ್ನುವರು. ಅದು ಫೆಜ್ ಎಂಬ ಇನ್ನೊಂದು ರಾಜಧಾನಿಯ ಹೆಸರು. ಹೊರಗಿನವರು ಒಂದೇ ದೇಶವನ್ನು ಎರಡು ರಾಜಧಾನಿಗಳ ಹೆಸರಿನಿಂದ ಕರೆಯುತ್ತಿರುವುದರಲ್ಲಿಯೇ ಅಲ್ಲಿನ ಚರಿತ್ರೆಯ ಸುಳಿವು ಅಡಗಿದೆ. ಬಹುಮಟ್ಟಿಗೆ ಅಲ್ಲಿ ರಾಜವಂಶ ಬದಲಾದಂತೆ ಸಿಂಹಾಸನವೂ ಊರನ್ನು ಬದಲಾಯಿಸಿತು. ಫೆಜ್, ಮರಾಕೆಶ್, ರಬಾತ್, ಮೆಕ್ನೆಸ್ ಎಂಬ ನಾಲ್ಕು ರಾಜನಗರಗಳು ಹೀಗೆ ಆದುವು.

2024ನೆಯ ಇಸವಿಯ ಚಳಿಗಾಲದಲ್ಲಿ ನಾವು ಮೂವರು ಮಿತ್ರರು ಈ ನಾಲ್ಕನ್ನೂ ನೋಡಿ ಬಂದೆವು. ಗುಂಪಿನೊಡನೆ ಹೋದರೆ ಖರ್ಚು ಕಡಿಮೆ ಎಂಬುದನ್ನು ಬಲ್ಲೆವು. ಆದರೆ ಗುಂಪಿನಲ್ಲಿ ಗಡಿಯಾರವೇ ಯಜಮಾನ. ನಿಂತು ನೋಡಬೇಕೆನಿಸಿದಲ್ಲಿ ನಿಲ್ಲುವಂತಿಲ್ಲ. ಆದುದರಿಂದ ನಮ್ಮ ಮೂವರಿಗೇ ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡೆವು. ಅವರು ಫೆಜ್ ನಗರದವರೇ. ಅರುವತ್ತರ ಸಮೀಪದ ವಯಸ್ಸು. ಕುಲಾವಿಯುಳ್ಳ ಉದ್ದನೆಯ ನಿಲುವಂಗಿಯ ಮೇಲೆ ಸರ್ಕಾರ ಕೊಟ್ಟ ಬಿಲ್ಲೆಯನ್ನು ಧರಿಸಿ, ನಿಧಾನವಾಗಿ, ಮಾತುಗಳನ್ನು ಆಯ್ದು ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದರು.

ರಬಾತಿನಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಲ್ಲಿ ಮನಸ್ಸಿನಲ್ಲಿ ಉಳಿದದ್ದು ಹಸನ್ ಗೋಪುರ. ಅಲ್ಮೊಹಾದ್ ವಂಶದ ಯಾಕೂಬ್ ಅಲ್ ಮನ್ಸೂರನು 12ನೆಯ ಶತಮಾನದ ಕೊನೆಯಲ್ಲಿ ಬಹು ದೊಡ್ಡದೊಂದು ಮಸೀದಿಯನ್ನು ತೊಡಗಿದನು. 1199ರಲ್ಲಿ ಅವನು ತೀರಿಕೊಂಡಾಗ ಕೆಲಸವೂ ನಿಂತಿತು. ಗೋಪುರ 44 ಮೀಟರಿಗೇ ನಿಂತುಬಿಟ್ಟಿದೆ. ಎದುರಿನಲ್ಲಿ ಮೊಟಕುಗಂಬಗಳ ಸಾಲು; 1755ರ ಮಹಾ ಭೂಕಂಪದ ತರುವಾಯ ಉಳಿದದ್ದು ಅಷ್ಟೇ.

ಫೆಜ್ ಬೇರೆ ಬಗೆಯ ಊರು. 789ರಲ್ಲಿ ಒಂದನೆಯ ಇದ್ರಿಸನು ನದಿಯ ಒಂದು ದಡದಲ್ಲಿಯೂ, 809ರಲ್ಲಿ ಅವನ ಮಗನು ಮತ್ತೊಂದು ದಡದಲ್ಲಿಯೂ ಊರು ಕಟ್ಟಿದರೆಂದು ಹೇಳುವರು. 818ರಲ್ಲಿ ಸ್ಪೇನಿನ ಕೊರ್ದೊಬಾದಿಂದ ದೇಶಭ್ರಷ್ಟರಾಗಿ ಬಂದವರು ಒಂದು ಕಡೆಯಲ್ಲಿ ನೆಲಸಿದರು. ಟುನಿಸಿಯದ ಕೈರವಾನಿನಿಂದ ಬಂದವರು ಇನ್ನೊಂದು ಕಡೆಯಲ್ಲಿ. ಕೈರವಾನಿನವರ ಕೇರಿಯಲ್ಲಿ 859ರಲ್ಲಿ ಎದ್ದದ್ದೇ ಕರವಿಯ್ಯಿನ್ ಮಸೀದಿ ಮತ್ತು ವಿದ್ಯಾಪೀಠ. ಫಾತಿಮಾ ಎಂಬ ಮಹಿಳೆ ತನಗೆ ಬಂದ ಪಿತ್ರಾರ್ಜಿತದಿಂದ ಅದನ್ನು ಕಟ್ಟಿಸಿದಳೆಂಬುದು ಅಲ್ಲಿನ ಪರಂಪರೆ. ಅನ್ಯಮತೀಯರು ಒಳಗೆ ಹೋಗುವಂತಿಲ್ಲ. ನಾವು ಬಾಗಿಲಿನಿಂದಲೇ ಅಂಗಳವನ್ನು ಇಣಿಕಿ ನೋಡಿದೆವು. ಈ ಕಟ್ಟಳೆಯನ್ನು ಬಿಗಿಮಾಡಿದವನು ಫ್ರೆಂಚ್ ಅಧಿಕಾರಿ ಲ್ಯೋತೆ ಎಂದು ಮಾರ್ಗದರ್ಶಿಗಳು ತಿಳಿಸಿದರು. 1912ರಲ್ಲಿ ಫ್ರೆಂಚರ ರಕ್ಷಣಾಧಿಕಾರ ಸ್ಥಾಪಿತವಾದ ಮೇಲೆ, ಹಳೆಯ ಊರುಗಳನ್ನು ಮುಟ್ಟದೆ ಹೊಸ ಊರುಗಳನ್ನು ದೂರದಲ್ಲಿ ಕಟ್ಟಿಸಿದವನೂ ಅವನೇ. ಆ ನೀತಿಯಲ್ಲಿ ಗೌರವವೆಷ್ಟು, ತಮ್ಮವರನ್ನು ಬೇರೆಯಾಗಿಡುವ ಬಯಕೆಯೆಷ್ಟು ಎಂಬುದು ವಿಚಾರಿಸತಕ್ಕ ಸಂಗತಿ. ಹಳೆಯ ಊರು ಉಳಿದದ್ದಂತೂ ನಿಜ.

ಅದರ ಓಣಿಗಳಲ್ಲಿ ಗಾಡಿ ಓಡುವಂತಿಲ್ಲ. ಸಾಮಾನೆಲ್ಲ ಕತ್ತೆ, ಹೇಸರಗತ್ತೆಗಳ ಬೆನ್ನ ಮೇಲೆ. ಹಿಂದಿನಿಂದ “ಬಾಲಕ್! ಬಾಲಕ್!” ಎಂಬ ಕೂಗು ಬಂದಾಗ, ಯಾರೋ ಹುಡುಗನನ್ನು ಕರೆಯುತ್ತಿರುವರೆಂದು ನಾವು ಸುಮ್ಮನೆ ನಡೆಯುತ್ತಿದ್ದೆವು. ಅನಿಲದ ಉರುಳೆಗಳನ್ನು ಹೊತ್ತ ಹೇಸರಗತ್ತೆಯೊಂದು ನಮ್ಮನ್ನು ಗೋಡೆಗೆ ಒತ್ತಿದ ಮೇಲೆಯೇ ಆ ಶಬ್ದಕ್ಕೆ ‘ಎಚ್ಚರ, ದಾರಿ ಬಿಡಿ’ ಎಂದರ್ಥವೆಂಬುದು ಗೊತ್ತಾದದ್ದು.

ಎರಡನೆಯ ದಿನ ಚರ್ಮ ಹದಮಾಡುವ ಷುವಾರಾ ಎಂಬ ಸ್ಥಳಕ್ಕೆ ಹೋದೆವು. ಜೇನಿನ ತಟ್ಟೆಯಂತೆ ಒತ್ತೊತ್ತಾಗಿ ನೂರಾರು ಕಲ್ಲಿನ ತೊಟ್ಟಿಗಳು. ಕೆಲವದರಲ್ಲಿ ಸುಣ್ಣ, ಪಾರಿವಾಳದ ಹಿಕ್ಕೆ ಕಲಸಿದ ಬಿಳಿಯ ನೀರು, ಮತ್ತೆ ಕೆಲವದರಲ್ಲಿ ಬಣ್ಣ. ಹಿಕ್ಕೆಯ ಕ್ಷಾರ ತೊಗಲನ್ನು ಮೆತ್ತಗೆ ಮಾಡುವುದಂತೆ. ಬರಿಗಾಲಿನ ಕೂಲಿಕಾರರು ತೊಡೆಯವರೆಗೆ ಇಳಿದು ತುಳಿಯುತ್ತಿದ್ದರು. ಮೇಲೆ ನಿಂತ ನಮಗೆ ಮೂಗಿಗೆ ಹಿಡಿಯಲು ಪುದೀನದ ಎಲೆ ಕೊಟ್ಟಿದ್ದರು. ಕೆಳಗಿದ್ದವರ ಕೈಯಲ್ಲಿ ಅಂತಹುದೇನೂ ಕಾಣಲಿಲ್ಲ. ಈ ನೋಟ ಚೆನ್ನಾಗಿ ಸಿಗುವುದು ಸುತ್ತಲಿನ ಚರ್ಮದ ಅಂಗಡಿಗಳ ಮಾಳಿಗೆಯಿಂದ. ಆದ್ದರಿಂದ ಅಂಗಡಿ ತಪ್ಪಿದ್ದಲ್ಲ. ಆದರೆ ಅಲ್ಲಿಂದ ರತ್ನಗಂಬಳಿಯ ಇನ್ನೊಂದು ಅಂಗಡಿಗೆ ಕರೆದೊಯ್ದು, ಚಹ ಕುಡಿಸಿ, ಒಂದೂವರೆ ಗಂಟೆ ಕೂರಿಸಿದುದು ನಮಗೆ ಸರಿಬೀಳಲಿಲ್ಲ. ಹೊರಗೆ ಬಂದೊಡನೆ ನಮ್ಮಲ್ಲಿ ಒಬ್ಬರು, ಮಾರಾಟದಲ್ಲಿ ತಮ್ಮ ಪಾಲೆಷ್ಟು ಎಂದು ಅವರನ್ನು ನೇರವಾಗಿ ಕೇಳಿಬಿಟ್ಟರು. ಅವರು ಉತ್ತರಿಸಲಿಲ್ಲ. ನಾಳೆ ನಾವಾಗಿಯೇ ತಿರುಗುವೆವೆಂದು ನಾವೂ ಬಿಗುಮಾನದಿಂದ ಹೇಳಿದೆವು.

ಮರುದಿನ ಆ ಬಿಗುಮಾನ ಎರಡು ಗಂಟೆಯ ಕಾಲ ಬಾಳಿತು. ಕೈಯಲ್ಲಿದ್ದ ಫೋನಿನ ನಕ್ಷೆ ಎತ್ತರದ ಗೋಡೆಗಳ ನಡುವೆ ನಮ್ಮನ್ನು ಒಂದು ಕಡೆ ತೋರಿಸಿದರೆ, ನಾವು ಇದ್ದದ್ದು ಇನ್ನೊಂದು ಕಡೆ. ಒಂದೇ ಬಡಗಿಯ ಅಂಗಡಿಯ ಮುಂದೆ ಮೂರು ಸಲ ಹಾದೆವು. ಮೂರನೆಯ ಸಲ ಆತ ನಕ್ಕು ಕುರ್ಚಿಯನ್ನೇ ತೋರಿಸಿದನು. ಕೊನೆಗೆ ಮಾರ್ಗದರ್ಶಿಗಳಿಗೇ ಸುದ್ದಿ ಕಳುಹಿಸಬೇಕಾಯಿತು. ಬಂದವರು ಒಂದು ಕೊಂಕುಮಾತನ್ನೂ ಆಡಲಿಲ್ಲ. ಅಂಗಡಿಯಿಂದ ತಮಗೆ ಪಾಲು ಬರುವುದುಂಟೆಂದು ನಡೆಯುತ್ತಲೇ ಒಪ್ಪಿಕೊಂಡರು. 2020ರ ಮಾರ್ಚಿಯಲ್ಲಿ ದೇಶದ ಗಡಿಗಳು ಮುಚ್ಚಿದ ಮೇಲೆ ಎರಡು ವರ್ಷ ಬಹುಮಟ್ಟಿಗೆ ಕೆಲಸವಿಲ್ಲದೆ, ನೆರೆಯ ಮಕ್ಕಳಿಗೆ ಪಾಠ ಹೇಳಿ ಸಂಸಾರ ನಡೆಸಿದರಂತೆ. ಅಂಗಡಿಯವರು ಆಗ ಸಾಲ ಕೊಟ್ಟಿದ್ದರಂತೆ. ಇದನ್ನು ಕೇಳಿಯೂ ಆ ಒಂದೂವರೆ ಗಂಟೆ ನ್ಯಾಯವೆಂದು ನಮಗೆ ತೋರಲಿಲ್ಲ. ಆದರೆ ಕೇಳಿದ ರೀತಿಗೆ ನಾಚಿಕೆಯಾಯಿತು.

ಅಂದು ಮಧ್ಯಾಹ್ನ ಬೂ ಇನಾನಿಯಾ ಮದ್ರಸಾದ ಅಂಗಳದಲ್ಲಿ ಕುಳಿತಿದ್ದೆವು. ಮರಿನಿದ್ ವಂಶದ ಸುಲ್ತಾನ ಅಬೂ ಇನಾನನು 1350ರ ದಶಕದಲ್ಲಿ ಕಟ್ಟಿಸಿದ ಪಾಠಶಾಲೆ. ಕೆಳಗೆ ಹೆಂಚಿನ ಚಿತ್ತಾರ, ಮೇಲೆ ಗಾರೆಯ ಕೆತ್ತನೆ, ಅದರ ಮೇಲೆ ದೇವದಾರು. ಇದೇ ಸುಲ್ತಾನನ ಅಪ್ಪಣೆಯಂತೆ ಇಬ್ನ್ ಬತೂತನು ತನ್ನ ಪ್ರವಾಸಕಥನವನ್ನು ಫೆಜ್ ನಗರದಲ್ಲಿ ಹೇಳಿ ಬರೆಯಿಸಿದನು. 1355ರಲ್ಲಿ ಅದು ಮುಗಿಯಿತು. ಮಾರ್ಗದರ್ಶಿಗಳು ಇದನ್ನು ಹೇಳಿ ಮುಂದಕ್ಕೆ ಹೋಗುವವರಿದ್ದರು. ನಮ್ಮಲ್ಲಿ ಒಬ್ಬರು ಹೊನ್ನಾವರದ ಕಡೆಯವರು, ಅವರು ತಡೆದರು. ಆ ಗ್ರಂಥದಲ್ಲಿ ಬರುವ ‘ಹಿನವ್ರ್’ ಎಂಬುದು ತಮ್ಮ ಹೊನ್ನಾವರವೇ ಎಂದೂ, ಅಲ್ಲಿ ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳೂ ಗಂಡುಮಕ್ಕಳಿಗೆ 23 ಪಾಠಶಾಲೆಗಳೂ ಇದ್ದುವೆಂದು ಬತೂತನು ಹೇಳಿರುವನೆಂದೂ ತಿಳಿಸಿದರು. ಮಾರ್ಗದರ್ಶಿಗಳು ಜೇಬಿನಿಂದ ಪುಸ್ತಕ ತೆಗೆದು, ಹೆಸರನ್ನು ಎರಡು ಸಲ ಹೇಳಿಸಿಕೊಂಡು ಗುರುತುಹಾಕಿಕೊಂಡರು. ಮುಂದಿನ ಪ್ರವಾಸಿಗಳನ್ನು ಮುಟ್ಟುವ ವೇಳೆಗೆ ನಮ್ಮ ಹೊನ್ನಾವರ ಎಷ್ಟು ಬೆಳೆದಿರುವುದೋ!

ಹೀಗೆಂದು ನಕ್ಕದ್ದಕ್ಕೆ ಕಾರಣವಿದೆ. ಮಾರನೆಯ ದಿನ, ಸುಮಾರು 60 ಕಿಲೋಮೀಟರ್ ದೂರದ ಮೆಕ್ನೆಸ್‌ನಲ್ಲಿ, ಕಂಬಗಳ ಸಾಲುಸಾಲಾಗಿ ನಿಂತ, ಮಾಡು ಬಿದ್ದುಹೋದ ದೊಡ್ಡದೊಂದು ಕಟ್ಟಡವನ್ನು ತೋರಿಸಿ, ಇದು ಮೂಲೇ ಇಸ್ಮಾಯಿಲನ 12,000 ಕುದುರೆಗಳ ಲಾಯವೆಂದು ಅವರು ಹೇಳಿದರು. ಆ ಸುಲ್ತಾನನು 1672ರಿಂದ 1727ರವರೆಗೆ ಆಳಿದವನು. ಸೆರೆಯಾಳುಗಳನ್ನೂ ಗುಲಾಮರನ್ನೂ ದುಡಿಸಿ ಮೆಕ್ನೆಸನ್ನು ರಾಜಧಾನಿಯಾಗಿ ಕಟ್ಟಿಸಿದವನು. ಅದು ಲಾಯವಲ್ಲ, ಪಕ್ಕದ ಕಟ್ಟಡದಂತೆ ಉಗ್ರಾಣವೇ ಇರಬೇಕೆಂದು ಸಂಶೋಧಕರು ಅಭಿಪ್ರಾಯಪಟ್ಟಿರುವುದನ್ನು ನಾವು ಓದಿದ್ದೆವು; ಮೆಲ್ಲನೆ ಕೇಳಿದೆವು. ಅವರು ಒಡನೆ ಒಪ್ಪಿದರು. ಕಟ್ಟಡದ ಅಳತೆ, ನೀರಿನ ವ್ಯವಸ್ಥೆ ಎಲ್ಲವನ್ನೂ ನಮಗಿಂತ ಚೆನ್ನಾಗಿ ಬಲ್ಲರು. ಹಾಗಾದರೆ ಲಾಯವೆಂದು ಏಕೆ ಹೇಳಿದಿರಿ ಎಂದರೆ, ಬಂದವರು ಕುದುರೆಗಳನ್ನು ಕೇಳುತ್ತಾರೆ, ಧಾನ್ಯವನ್ನು ಯಾರೂ ಕೇಳುವುದಿಲ್ಲ ಎಂದರು. ಅಷ್ಟಕ್ಕೆ ಬಿಡಲಿಲ್ಲ. ಫೆಜ್‌ನಲ್ಲಿ ನಾವು ಅಷ್ಟು ಹೊತ್ತು ನಿಂತು ಮೆಚ್ಚಿದ ನೀಲಿ ಹೆಂಚಿನ ಬೂ ಜುಲೂದ್ ಬಾಗಿಲು 1913ರದು, ಫ್ರೆಂಚರ ಕಾಲದ್ದು. ಅದು ಎಷ್ಟು ಹಳೆಯದೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ, ಎಂದೂ ಸೇರಿಸಿದರು. ನಿಜ, ಕೇಳಿರಲಿಲ್ಲ.

ಅಲ್ಲಿಂದ ಮುಂದೆ ಪ್ರವಾಸದ ಸ್ವರೂಪವೇ ಬದಲಾಯಿತು. ಪ್ರತಿಯೊಂದು ಕಡೆಯಲ್ಲಿಯೂ ಅವರು ಮೊದಲು ಕಥೆಯನ್ನು ಹೇಳಿ, ಸ್ವಲ್ಪ ತಡೆದು, ಆಮೇಲೆ ನಡೆದದ್ದನ್ನು ಹೇಳತೊಡಗಿದರು. ಮರಾಕೆಶ್‌ನ ಅಲ್ ಬದಿ ಅರಮನೆಯಲ್ಲಿ ಇದು ಚೆನ್ನಾಗಿ ಒದಗಿತು. 1578ರಲ್ಲಿ ಪೋರ್ಚುಗೀಸರನ್ನು ಸೋಲಿಸಿದ ಯುದ್ಧದ ಬಳಿಕ ಪಟ್ಟಕ್ಕೆ ಬಂದ ಅಹಮದ್ ಅಲ್ ಮನ್ಸೂರನು ಕಟ್ಟಿಸಿದ ಅರಮನೆ. ಇಟಲಿಯ ಅಮೃತಶಿಲೆಯನ್ನು ತೂಕಕ್ಕೆ ತೂಕ ಸಕ್ಕರೆ ಕೊಟ್ಟು ತರಿಸಿದನೆಂಬುದು ಕಥೆ. ನಡೆದದ್ದು ಇದು: ಮುಂದೆ ಮೆಕ್ನೆಸಿನ ಇಸ್ಮಾಯಿಲನು ಅದರ ಶೃಂಗಾರವನ್ನೆಲ್ಲ ಕೀಳಿಸಿಕೊಂಡು ಹೋದನು. ಈಗ ಬೋಳುಗೋಡೆಗಳ ಮೇಲೆ ಕೊಕ್ಕರೆಗಳು ಗೂಡು ಕಟ್ಟಿವೆ. ಒಂದು ರಾಜಧಾನಿಯನ್ನು ಕಿತ್ತು ಇನ್ನೊಂದನ್ನು ಕಟ್ಟಿದುದನ್ನು ಎರಡು ಊರುಗಳನ್ನೂ ನೋಡಿದ ಮೇಲೆಯೇ ನಂಬಲು ಸಾಧ್ಯ.

ಕೊನೆಯ ಸಂಜೆ ಜೆಮಾ ಅಲ್ ಫ್ನಾ ಚೌಕದಲ್ಲಿ ಕಳೆಯಿತು. 2023ನೆಯ ಸೆಪ್ಟೆಂಬರ್ 8ರ ರಾತ್ರಿಯ ಭೂಕಂಪದಲ್ಲಿ ಈ ಚೌಕದ ಒಂದು ಸಣ್ಣ ಮಸೀದಿಯ ಗೋಪುರ ಕುಸಿಯಿತು. ಅಟ್ಲಾಸ್ ಬೆಟ್ಟಗಳಲ್ಲಿ 2,900ಕ್ಕೂ ಹೆಚ್ಚು ಮಂದಿ ಸತ್ತರು. 77 ಮೀಟರಿನ ಕುತುಬಿಯಾ ಗೋಪುರ ಮಾತ್ರ ಹಾಗೆಯೇ ನಿಂತಿದೆ. ಹಣ್ಣಿನ ರಸದ ಗಾಡಿಗಳು, ಹೊಗೆ, ತಮಟೆ ಇವುಗಳ ನಡುವೆ ಒಬ್ಬ ಮುದುಕ ಕಥೆ ಹೇಳುತ್ತಿದ್ದನು. ಹಿಂದೆ ಇಂತಹ ಕಥೆಗಾರರು ಬಹು ಮಂದಿ ಇದ್ದರಂತೆ, ಈಗ ವಿರಳ. ಕೇಳುವವರೆಲ್ಲ ಊರಿನವರು, ನೆಲದ ಮೇಲೆ ವರ್ತುಲವಾಗಿ ಕುಳಿತಿದ್ದರು. ಮಾರ್ಗದರ್ಶಿಗಳು ಒಂದೊಂದೇ ವಾಕ್ಯವನ್ನು ನಮಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಒಬ್ಬ ಕಳ್ಳನೂ ಒಬ್ಬ ಕಾಜಿಯೂ ಬಾವಿಯ ಹತ್ತಿರ ಸಂಧಿಸುವಲ್ಲಿಗೆ ಕಥೆ ಬಂದಿತ್ತು. ಆಗ ಅವರ ವಾಕ್ಯಗಳು ಚಿಕ್ಕವಾದುವು, ಮತ್ತೆ ಒಂದೊಂದು ಮಾತಾದುವು, ಬಳಿಕ ನಿಂತೇಹೋದುವು. ತಿರುಗಿ ನೋಡಿದರೆ ಅವರು ಕುಲಾವಿಯನ್ನು ಹಿಂದಕ್ಕೆ ಸರಿಸಿ, ಬಾಯಿ ತೆರೆದು, ನಮ್ಮನ್ನು ಮರೆತು ಕೇಳುತ್ತಿದ್ದರು. ಕಳ್ಳನಿಗೇನಾಯಿತೆಂದು ನಾವು ಆಗ ಕೇಳಲಿಲ್ಲ.