ಪಚ್ಚಿಲೆಯ ಬಾಯಿ ಬಿಡಿಸಿದ ಸೆರೊಟೋನಿನ್

ಕರಾವಳಿಯ ಮಕ್ಕಳಿಗೆ ಪಚ್ಚಿಲೆ ಗೊತ್ತು. ಬಂಡೆಗೆ ಅಂಟಿಕೊಂಡು ಬದುಕುವ, ಹಸಿರು ಅಂಚಿನ ಎರಡು ಚಿಪ್ಪಿನ ಪ್ರಾಣಿ. ಅದು ಬಾಯಿ ಮುಚ್ಚಿತೋ, ಉಗುರು ತೂರಿಸಿ ಎಳೆದರೂ ಬಿಡದು. ಗಂಟೆಗಟ್ಟಲೆ ಹಾಗೇ ಇರುತ್ತದೆ, ಸುಸ್ತೂ ಆಗುವುದಿಲ್ಲ!

ಆ ಬಿಗಿಪಟ್ಟು ಸಡಿಲವಾಗುವುದು ಹೇಗೆ? ಪಚ್ಚಿಲೆಯ ಹತ್ತಿರದ ನೆಂಟನೊಂದನ್ನು ಹಿಡಿದು ಅಮೆರಿಕದ ವಿಜ್ಞಾನಿ ಬೆಟ್ಟಿ ಟ್ವಾರೋಗ್ ಇದನ್ನೇ ಹುಡುಕಿದರು. ಸಡಿಲಿಸುವುದು ಸೆರೊಟೋನಿನ್ ಎಂಬ ರಾಸಾಯನಿಕ ಎಂದು ತಿಳಿಯಿತು. 1948ರಲ್ಲಷ್ಟೇ ಅದನ್ನು ದನದ ರಕ್ತದಿಂದ ಬೇರ್ಪಡಿಸಿದ್ದರು. ಚಿಪ್ಪಿನ ಪ್ರಾಣಿಯ ನರಕ್ಕೇ ಇದು ಬೇಕೆಂದರೆ ನಮ್ಮಂಥ ಸಸ್ತನಿಗಳ ಮಿದುಳಲ್ಲೂ ಇರಬೇಡವೇ? ಟ್ವಾರೋಗ್ ಹಟ ಹಿಡಿದು ನೋಡಿದರು. ಇತ್ತು! 1953ರಲ್ಲಿ ಅದನ್ನು ಪ್ರಕಟಿಸಿದರು.

ತಮಾಷೆಯೆಂದರೆ, ನಮ್ಮ ಮೈಯ ಸೆರೊಟೋನಿನ್‌ನಲ್ಲಿ ಶೇ. 90ರಷ್ಟು ಇರುವುದು ಹೊಟ್ಟೆ, ಕರುಳಿನಲ್ಲಿ. ಅದು ಮಿದುಳಿಗೆ ಹೋಗಲಾರದು. ಬೇಳೆ, ಹಾಲು, ಮೊಟ್ಟೆಗಳಲ್ಲಿರುವ ಟ್ರಿಪ್ಟೋಫ್ಯಾನ್ ಎಂಬ ವಸ್ತುವಿನಿಂದ ಮಿದುಳು ತನಗೆ ಬೇಕಾದಷ್ಟನ್ನು ತಾನೇ ಮಾಡಿಕೊಳ್ಳುತ್ತದೆ.

ಮಿದುಳಿನಲ್ಲಿ ಸೆರೊಟೋನಿನ್‌ನ ಇನ್ನೊಂದು ಕೆಲಸ ತಿಳಿಯಲು ಮೊದಲು ಇದು ಗೊತ್ತಿರಲಿ: ಮಿದುಳು ಬಲು ಹೊಟ್ಟೆಬಾಕ. ತೂಕದಲ್ಲಿ ಮೈಯ ನೂರರಲ್ಲಿ 2 ಪಾಲು, ಆದರೆ ಶಕ್ತಿಯಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು. ಆ ಶಕ್ತಿಯನ್ನು ಬೇಯಿಸಿ ಬಡಿಸುವ ಪುಟ್ಟ ಒಲೆಗಳು ಪ್ರತಿ ನರಕೋಶದೊಳಗೂ ಇವೆ. ಅವೇ ಮೈಟೊಕಾಂಡ್ರಿಯಾ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿದಿತಾ ವೈದ್ಯ, ಉಲ್ಲಾಸ್ ಕೊಲ್ತೂರ್ ಮತ್ತು ಜೊತೆಗಾರರು ಇಲಿಯ ನರಕೋಶಗಳಿಗೆ ಸೆರೊಟೋನಿನ್ ಕೊಟ್ಟು ನೋಡಿದರು. ಒಲೆಗಳ ಸಂಖ್ಯೆ ಹೆಚ್ಚಿತು, ಶಕ್ತಿಯೂ ಹೆಚ್ಚಿತು. ಆಮೇಲೆ ಆ ಕೋಶಗಳಿಗೆ ತೊಂದರೆ ಕೊಟ್ಟಾಗ ಅವು ಉಳಿದವಕ್ಕಿಂತ ಚೆನ್ನಾಗಿ ತಾಳಿಕೊಂಡವು. ಇದು 2019ರ ಸಂಗತಿ. ನನಗಂತೂ ಇದು ಬಹಳ ಹಿಡಿಸಿತು. ಸೆರೊಟೋನಿನ್ ಬರೀ ನರದಿಂದ ನರಕ್ಕೆ ಸುದ್ದಿ ಒಯ್ಯುವ ಅಂಚೆಯಣ್ಣನಲ್ಲ, ಒಲೆ ಹೂಡಿಸುವ ಮೇಸ್ತ್ರಿಯೂ ಹೌದು.

ಸೆರೊಟೋನಿನ್‌ಗೂ ಮನಸ್ಸಿಗೂ ನಂಟಿದೆ ಎಂದು ನೀವು ಕೇಳಿರಬಹುದು. ಹಾಗಾದರೆ ಬೇಸರವಾದಾಗಲೆಲ್ಲ ಸೆರೊಟೋನಿನ್ ಕಮ್ಮಿಯಾಯಿತು ಎನ್ನೋಣವೇ? ಬೇಡ. ಗೆಳತಿ ಮಾತು ಬಿಟ್ಟಾಗ ಅಳು ಬರುವುದು ಕಾಯಿಲೆಯಲ್ಲ. ಆಟ ರುಚಿಸದೆ, ನಿದ್ದೆ ಬಾರದೆ, ಊಟ ಸೇರದೆ ವಾರಗಟ್ಟಲೆ ಮಂಕು ಕವಿದಿದ್ದರೆ ಅದು ಖಿನ್ನತೆ ಇರಬಹುದು. ಜ್ವರ ಬಂದರೆ ಅಮ್ಮನಿಗೆ ಹೇಳುತ್ತೀರಲ್ಲ, ಇದನ್ನೂ ಹಾಗೇ ಹೇಳಿ. ಡಾಕ್ಟರು ನೋಡುತ್ತಾರೆ.

ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣ ಎಂದು ಹಿಂದೆ ಸುಲಭವಾಗಿ ಹೇಳಿಬಿಡುತ್ತಿದ್ದರು. ಲೆಕ್ಕ ಅಷ್ಟು ಸರಳವಲ್ಲ. ದೊಡ್ಡವರು ಖಿನ್ನತೆಗೆಂದು ನುಂಗುವ ಕೆಲವು ಮಾತ್ರೆಗಳು ಕೆಲವೇ ಗಂಟೆಗಳಲ್ಲಿ ಸೆರೊಟೋನಿನ್ ಮೇಲೆ ಕೆಲಸ ಶುರುಮಾಡುತ್ತವೆ. ಮನಸ್ಸು ಹಗುರಾಗುವುದು ಮಾತ್ರ ವಾರಗಳ ನಂತರ. ಆ ನಡುವೆ ನರಕೋಶಗಳು ಒಂದಕ್ಕೊಂದು ಹೊಸ ಕೊಂಡಿ ಬೆಸೆಯುತ್ತಿರಬಹುದೆಂದು ವಿಜ್ಞಾನಿಗಳ ಊಹೆ.