ಬಚ್ಚಲಲ್ಲಿ ಜಾರಿ ಬಿದ್ದವರು

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಆರೋಗ್ಯದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಡಾಕ್ಟರಲ್ಲ, ನಿಮ್ಮ ಹಾಗೇ ಸಂಘದ ಪುಸ್ತಕ ಬರೆಯುವವಳು. ಆದ್ದರಿಂದ ನಮ್ಮ ಸಂಘದ ಒಬ್ಬ ಹೆಣ್ಣುಮಗಳ ವಿಷಯವನ್ನೇ ಹೇಳುತ್ತೇನೆ. ಹೆಸರು ಬೇಡ.

ಆಕೆಗೆ ಸದಾ ತಲೆಸುತ್ತು, ಸುಸ್ತು. ನೀರಿನ ಕೊಡ ಎತ್ತಿದರೆ ಏದುಸಿರು. ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಹಿಮೋಗ್ಲೋಬಿನ್ 7 ಗ್ರಾಂ. ಕನಿಷ್ಠ 12 ಇರಬೇಕು, ಬಸುರಿಗೆ 11. ಕಬ್ಬಿಣದ ಮಾತ್ರೆ ಕೊಟ್ಟು, "ಸೊಪ್ಪು, ಕಾಳು, ಮೊಟ್ಟೆ ಚೆನ್ನಾಗಿ ತಿನ್ನಮ್ಮ" ಅಂದು ಕಳಿಸಿದರು. ತಪ್ಪು ಮಾತೇನಲ್ಲ. ಆದರೆ ಆ ಮನೆಯಲ್ಲಿ ಮೊಟ್ಟೆ ಯಾರ ತಟ್ಟೆಗೆ ಹೋಗುತ್ತದೆ ಅಂತ ಯಾರೂ ಕೇಳಲಿಲ್ಲ. ಮೊದಲು ಗಂಡ, ಮಾವ, ಆಮೇಲೆ ಮಕ್ಕಳು, ಅತ್ತೆ. ಆಕೆಯ ಪಾಲಿಗೆ ಉಳಿಯುವುದು ತಳದ ಸಾರು, ಅರ್ಧ ಮುದ್ದೆ. ತವರಿನಿಂದ ಬರಬೇಕಾದ ಬಾಕಿ ಬರಲಿಲ್ಲವೆಂದು ಆ ಅರ್ಧ ಮುದ್ದೆಗೂ ಮಾತು ಕೇಳಬೇಕು. ಇಂಥ ಕಡೆ ಮಾತ್ರೆ ಎಷ್ಟು ಕೆಲಸ ಮಾಡೀತು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ. ಅದೇ ಸಮೀಕ್ಷೆ, ಮದುವೆಯಾದವರಲ್ಲಿ ಸುಮಾರು ಶೇಕಡಾ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ ಅನ್ನುತ್ತದೆ. ವರದಿಯಲ್ಲಿ ಇವೆರಡೂ ಬೇರೆ ಬೇರೆ ಪುಟ. ಎಷ್ಟೋ ಮನೆಗಳಲ್ಲಿ ಎರಡೂ ಒಬ್ಬಳ ಮೈಮೇಲೇ ಇವೆ.

ಈಕೆ ಎರಡು ವರ್ಷದಲ್ಲಿ ಮೂರು ಸಲ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ. ಚೀಟಿಯಲ್ಲಿ ಹಾಗೇ ಬರೆದಿದೆ. ನರ್ಸಮ್ಮ ಕೇಳಿದಾಗ ಗಂಡ ಪಕ್ಕದಲ್ಲೇ ನಿಂತಿದ್ದನಂತೆ, ಇನ್ನೇನು ಹೇಳಿಯಾಳು? ಮೈ ಸುಟ್ಟು ಬಂದವರೂ ಎಷ್ಟೋ ಸಲ ಹೀಗೇ "ಸ್ಟೌ ಸಿಡಿಯಿತು" ಅನ್ನುತ್ತಾರೆ. ಅದಕ್ಕೇ ಹೇಳುವುದು, ಆಸ್ಪತ್ರೆಗೆ ಹೋಗುವಾಗ ಸಂಘದವರೊಬ್ಬರು ಜೊತೆಗಿರಿ. ಡಾಕ್ಟರ ಹತ್ತಿರ ಒಬ್ಬಳೇ ಮಾತಾಡಬೇಕು ಅಂತ ಕೇಳಿ. ಹೊಡೆದದ್ದು ಯಾರು, ಯಾವುದರಿಂದ ಎಂದು ಬರೆಸಿ, ಚೀಟಿಯನ್ನು ಮನೆಯಲ್ಲಿಡದೆ ನಂಬಿಕಸ್ಥರ ಹತ್ತಿರ ಇಡಿ. ಮುಂದೆ ಕೋರ್ಟಿನಲ್ಲಿ ಅದೇ ಸಾಕ್ಷಿ.

ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೊಡುವ 2005ರ ಕಾಯಿದೆ 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಹೊಡೆತ ಮಾತ್ರವಲ್ಲ, ಊಟ, ಬಟ್ಟೆ, ಔಷಧಿ ಕೊಡದೆ ಸತಾಯಿಸುವುದೂ ಅದರಲ್ಲಿ ಹಿಂಸೆಯೇ. ಆಸ್ಪತ್ರೆ ಚಿಕಿತ್ಸೆ ಕೊಡಬೇಕು. ಗಂಡನ ಮನೆಯಲ್ಲೇ ವಾಸಿಸುವ ಹಕ್ಕೂ ಇದೆ. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಕಚೇರಿ ತೋರಿಸುತ್ತಾರೆ. ತುರ್ತಿಗೆ ಫೋನ್ 181.

ಇನ್ನು ನಮ್ಮ ವಿಷಯಕ್ಕೆ ಬರೋಣ. ಸಿಟ್ಟಾಗಬೇಡಿ. ಆಕೆ ಸಂಘದಲ್ಲಿ ತೆಗೆದ ಸಾಲ ಹೋದದ್ದು ಗಂಡನ ಕೈಗೆ. ಕಂತು ಕಟ್ಟಿದವಳು ಆಕೆ, ತನ್ನ ಹಾಲು ಬಿಟ್ಟು, ಕೂಲಿ ಕೆಲಸ ಹೆಚ್ಚು ಮಾಡಿ. ಎರಡು ವಾರ ತಪ್ಪಿದಾಗ ದಂಡ ಹಾಕಿದೆವು. ಪುಸ್ತಕದಲ್ಲಿ ದಂಡ ಬರೆದವಳು ನಾನೇ. ಆ ದಿನ ಆಕೆ ಸೆರಗು ಹೊದ್ದು ಮೂಲೆಯಲ್ಲಿ ಕೂತಿದ್ದಳು. ತೋಳಿನ ಬಾಸುಂಡೆ ನನಗೆ ಕಂಡಿತ್ತು. ನಾನು ಕೇಳಲಿಲ್ಲ. ಬೇರೆ ಮನೆಯ ವಿಷಯ ಅಂದುಕೊಂಡೆ. ಸಾಲ ಮಾತ್ರ ನಮ್ಮೆಲ್ಲರ ವಿಷಯ ಆಗಿತ್ತು.

ಆ ದಂಡ ಹೊಡೆದು ಹಾಕಿದ್ದೇವೆ. ಈಗ ಉಳಿತಾಯದ ಲೆಕ್ಕ ಮುಗಿದ ಮೇಲೆ ಪುಸ್ತಕ ಮುಚ್ಚಿ ಅರ್ಧ ಗಂಟೆ ಕೂರುತ್ತೇವೆ. ಯಾರಿಗೆ ಹುಷಾರಿಲ್ಲ, ಯಾರು ಬಂದಿಲ್ಲ, ಯಾಕೆ ಬಂದಿಲ್ಲ, ಇಷ್ಟೇ. ಸಾಲ ಕೊಡುವಾಗ ದುಡ್ಡು ಯಾರ ಕೈಗೆ ಹೋಗುತ್ತದೆ ಅಂತಲೂ ಕೇಳುತ್ತೇವೆ. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಸಾಮಾನ್ಯವಾಗಿ ಮುಟ್ಟಿನ ಹೊಟ್ಟೆನೋವಿನಿಂದ ಮಾತು ಶುರುವಾಗುತ್ತದೆ, ಎಲ್ಲಿಗೋ ಹೋಗುತ್ತದೆ.

ಮಾತ್ರೆಯ ವಿಷಯ ಮರೆತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಚಹಾದ ಜೊತೆ ತೆಗೆದುಕೊಳ್ಳಬೇಡಿ, ಕಬ್ಬಿಣದಂಶ ಮೈಗೆ ಹತ್ತುವುದಿಲ್ಲ. ನಿಂಬೆರಸದ ಜೊತೆ ಒಳ್ಳೆಯದು. ಮಲ ಕಪ್ಪಾದರೆ ಹೆದರಬೇಡಿ.

ಆಕೆ ಈಗಲೂ ಅದೇ ಮನೆಯಲ್ಲಿದ್ದಾಳೆ, ರಕ್ಷಣಾ ಆದೇಶ ಪಡೆದು. ಅಡುಗೆ ಬೇರೆ ಮಾಡಿಕೊಂಡಿದ್ದಾಳೆ. ಹೋದ ತಿಂಗಳು ಹಿಮೋಗ್ಲೋಬಿನ್ 9 ಬಂತು. ಜೀವನಾಂಶದ ಅರ್ಜಿ ಇನ್ನೂ ಕೋರ್ಟಿನಲ್ಲಿದೆ. ಮುಂದಿನ ತಾರೀಕಿಗೆ ನಾವು ನಾಲ್ಕು ಜನ ಜೊತೆಗೆ ಹೋಗುತ್ತಿದ್ದೇವೆ.