ಐದೂಕಾಲು ರೂಪಾಯಿ ಐವತ್ತೊಂದಾದಾಗ



ನಿಮ್ಮ ಮನೆಯ ಅಟ್ಟದಲ್ಲೋ, ಪರಿಚಯದ ಅಂಗಡಿಯ ಪೆಟ್ಟಿಗೆಯಲ್ಲೋ ಆಣೆಗಳ ಕಾಲದ ಕಿರ್ದಿ ಪುಸ್ತಕವೊಂದು ಸಿಕ್ಕಿದೆ ಎಂದಿಟ್ಟುಕೊಳ್ಳಿ. ಅದನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ ಉಳಿಸುವ ಆಸೆ ನಿಮಗೆ. ಒಂದು ಸಾಲಿನಲ್ಲಿ ಐದರ ಅಂಕಿ, ಅದರ ಬಲಕ್ಕೆ ಒಂದು ನೆಟ್ಟ ಗೀಟು. ಅದನ್ನು ಏನೆಂದು ಓದುತ್ತೀರಿ? ಐವತ್ತೊಂದು ಎಂದು ಒತ್ತಿದಿರಾದರೆ, ಐದು ರೂಪಾಯಿ ನಾಲ್ಕಾಣೆಯ ಅಕ್ಕಿಗೆ ಐವತ್ತೊಂದು ರೂಪಾಯಿ ತೆತ್ತಂತಾಯಿತು!

ನಮ್ಮ ದೇಶದಲ್ಲಿ ದಶಮಾಂಶ ನಾಣ್ಯ ಪದ್ಧತಿ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 'ಹದಿನಾರಾಣೆ ಸತ್ಯ' ಎಂದು ಹಿರಿಯರು ಇಂದಿಗೂ ಹೇಳುವುದು ಆ ಲೆಕ್ಕದಿಂದಲೇ. ಈ ಆಣೆಗಳನ್ನು 5-4-0 ಎಂದು ಅಡ್ಡಗೆರೆ ಹಾಕಿ ಬರೆಯುವ ರೂಢಿಯಿತ್ತು; ಗೀಟುಗಳಲ್ಲಿ ಬರೆಯುವ ರೂಢಿಯೂ ಇತ್ತು. ನನಗೆ ಎರಡನೆಯದೇ ಹೆಚ್ಚು ಸೊಗಸು. ಒಂದು ನೆಟ್ಟ ಗೀಟು ಎಂದರೆ ಕಾಲು, ಅಂದರೆ ನಾಲ್ಕಾಣೆ: ꠰. ಎರಡಾದರೆ ಅರ್ಧ: ꠱. ಮೂರಾದರೆ ಮುಕ್ಕಾಲು: ꠲. ನಾಲ್ಕಾಣೆಗೆ ಕಡಿಮೆಯಾದುದಕ್ಕೆ ಓರೆ ಗೀಟುಗಳು. ಒಂದು ಆಣೆಗೆ ꠳, ಎರಡಕ್ಕೆ ꠴, ಮೂರಕ್ಕೆ ꠵. ಏಳಾಣೆ ಬೇಕೇ? ನಾಲ್ಕು ಮತ್ತು ಮೂರು: ꠰꠵. ಹದಿನೈದಾಣೆಗೆ ꠲꠵. ಆರೇ ಚಿಹ್ನೆಗಳಲ್ಲಿ ಒಂದರಿಂದ ಹದಿನೈದು ಆಣೆಯವರೆಗೆ ಎಲ್ಲವನ್ನೂ ಬರೆದುಬಿಡಬಹುದು. ಗಣಿತದ ವಿದ್ಯಾರ್ಥಿಗಳು ಗಮನಿಸಿರಬಹುದು: ಇದು ನಾಲ್ಕನ್ನು ಆಧಾರವಾಗಿಟ್ಟುಕೊಂಡ ಸಂಖ್ಯಾಪದ್ಧತಿ. ಹದಿನಾರನೆಯ ಒಂದು ಭಾಗಕ್ಕೆ ಕನ್ನಡದಲ್ಲಿ 'ವೀಸ' ಎಂಬ ಹೆಸರೇ ಇದೆ.

ಕಾಗದದ ಮೇಲೆ ಗೀಟು ಎಂದರೆ ಗೀಟು, ಅಷ್ಟೇ. ಸುತ್ತಲಿನ ಲೆಕ್ಕ ನೋಡಿ ಕಣ್ಣು ಅರ್ಥ ಮಾಡಿಕೊಳ್ಳುತ್ತದೆ. ಕಂಪ್ಯೂಟರು ಆಕಾರವನ್ನು ನೋಡುವುದಿಲ್ಲ. ಪ್ರತಿ ಅಕ್ಷರಕ್ಕೂ ಕೊಟ್ಟಿರುವ ಸಂಖ್ಯೆಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ನೀವು ಇಂಗ್ಲಿಷಿನ ಒಂದನ್ನು ಒತ್ತಿದರೆ ಅದಕ್ಕೆ ಅದು ಒಂದೇ. ದೇವನಾಗರಿಯ ಪೂರ್ಣವಿರಾಮದ ದಂಡವನ್ನು ಒತ್ತಿದರೆ ವಾಕ್ಯ ಮುಗಿಯಿತೆಂದು ತಿಳಿಯುತ್ತದೆ. ಪರದೆಯ ಮೇಲೆ ಇವೆಲ್ಲ ಅವಳಿ ಮಕ್ಕಳಂತೆ ಕಾಣುವುದರಿಂದಲೇ ಮೋಸಹೋಗುವುದು.

ಈ ಗೀಟುಗಳಿಗೆ ತಮ್ಮದೇ ಸಂಖ್ಯೆಗಳು ದೊರೆತದ್ದು 2009ರಲ್ಲಿ, ಯೂನಿಕೋಡ್‌ನ 5.2ನೇ ಆವೃತ್ತಿಯಲ್ಲಿ. ಅದಕ್ಕೆ ಪ್ರಸ್ತಾವ ಬರೆದವರು ಅಂಶುಮನ್ ಪಾಂಡೆ ಎಂಬ ವಿದ್ವಾಂಸರು. ಚಿಹ್ನೆಗಳ ಹೆಸರಿನಲ್ಲಿ 'ನಾರ್ತ್ ಇಂಡಿಕ್' ಎಂದಿರುವುದರಿಂದ ಇವು ಉತ್ತರದವರಿಗೆ ಮಾತ್ರ ಎಂದು ತಿಳಿಯಬೇಡಿ. ಈ ಆರೂ ಚಿಹ್ನೆಗಳನ್ನು ಬಳಸುವ ಲಿಪಿಗಳ ಪಟ್ಟಿಯಲ್ಲಿ ಯೂನಿಕೋಡ್ ಕನ್ನಡವನ್ನೂ ಸೇರಿಸಿದೆ. ಕನ್ನಡ ಅಕ್ಷರಗಳ ಕೋಷ್ಟಕದಲ್ಲಿ ಹುಡುಕಿದರೆ ಮಾತ್ರ ಸಿಗವು. ಇನ್ನೂ ಒಂದು ಉಪಯೋಗವಿದೆ. ಈ ಕೋಷ್ಟಕದಲ್ಲಿ ಪ್ರತಿ ಚಿಹ್ನೆಯ ಬೆಲೆಯೂ ದಾಖಲಾಗಿದೆ. ಪೈಥಾನ್ ಬಲ್ಲವರು ꠰ ಚಿಹ್ನೆಯ ಬೆಲೆ ಕೇಳಿದರೆ 0.25 ಎಂಬ ಉತ್ತರ ಬರುತ್ತದೆ. ದಂಡಕ್ಕೆ ಇಂಥ ಬೆಲೆಯೇ ಇಲ್ಲ.

ಒತ್ತುವುದು ಹೇಗೆ? ವರ್ಡ್‌ನಲ್ಲಿ ಇಂಗ್ಲಿಷ್ ಕೀಲಿಮಣೆಗೆ ಬಂದು 'ಎ' ಅಕ್ಷರ ಮತ್ತು 830 ಒತ್ತಿ, ಆಲ್ಟ್ ಕೀಲಿಯನ್ನು ಹಿಡಿದು 'ಎಕ್ಸ್' ಒತ್ತಿ. ಕಾಲು ಬರುತ್ತದೆ. 831ಕ್ಕೆ ಅರ್ಧ, 832ಕ್ಕೆ ಮುಕ್ಕಾಲು, 833, 834, 835ಕ್ಕೆ ಒಂದು, ಎರಡು, ಮೂರು ಆಣೆ. ಒಂದು ಎಚ್ಚರಿಕೆ: ಹಿಂದೆಯೇ ಇಂಗ್ಲಿಷ್ ಅಂಕಿಯ 5 ಇದ್ದರೆ ಅದೂ ಸಂಕೇತದ ಭಾಗವಾಗಿ ಸೇರಿಹೋಗುತ್ತದೆ. ಆಗ ಕೊನೆಯ ನಾಲ್ಕನ್ನು ಮಾತ್ರ ಆಯ್ದುಕೊಂಡು ಒತ್ತಿ. ಕನ್ನಡದ ೫ ಬಳಸಿದರೆ ಈ ತೊಡಕೇ ಇಲ್ಲ. ಚಿಹ್ನೆಯ ಬದಲು ಖಾಲಿ ಚೌಕ ಕಂಡರೆ ಗಾಬರಿಯಿಂದ ಅಳಿಸಬೇಡಿ. ಸಂಕೇತ ಸರಿಯಾಗಿದ್ದು, ಅದನ್ನು ತೋರಿಸುವ ಫಾಂಟ್ ಇಲ್ಲ ಎಂದು ಅದರ ಅರ್ಥ. ನೋಟೋ ಸ್ಯಾನ್ಸ್ ದೇವನಾಗರಿ ಫಾಂಟಿನಲ್ಲಿ ಇವೆಲ್ಲ ಇವೆ.

ಇದಕ್ಕೆ ತಿರುಗಾಮುರುಗಾ ಆದ ಪ್ರಸಂಗವೂ ಒಂದುಂಟು. ಡಿ. ಉದಯಕುಮಾರ್ ರಚಿಸಿದ ₹ ಚಿಹ್ನೆಯನ್ನು ಸರ್ಕಾರ ಒಪ್ಪಿದ್ದು 2010ರ ಜುಲೈ 15ರಂದು. ಯೂನಿಕೋಡ್ ಅದನ್ನು ಸೇರಿಸಿದ್ದು ಅದೇ ಅಕ್ಟೋಬರಿನಲ್ಲಿ. ಈ ನಡುವೆ ಮಂಗಳೂರಿನ ಫೊರಾಡಿಯನ್ ಟೆಕ್ನಾಲಜೀಸ್ ಸಂಸ್ಥೆ ಒಂದು ಫಾಂಟ್ ಹೊರತಂದಿತು. ಟ್ಯಾಬ್ ಕೀಲಿಯ ಮೇಲಿನ ಕೀಲಿ ಒತ್ತಿದರೆ ಹೊಸ ಚಿಹ್ನೆ ಮೂಡುತ್ತಿತ್ತು. ಆ ಹೊತ್ತಿಗೆ ಅನುಕೂಲವೇ ಸರಿ. ಆದರೆ ಒಳಗಿದ್ದ ಸಂಖ್ಯೆ ಹಳೆಯ ಓರೆ ಚುಕ್ಕೆಯದೇ. ಫಾಂಟ್ ಇಲ್ಲದ ಯಂತ್ರದಲ್ಲಿ ರೂಪಾಯಿ ಮಾಯವಾಗಿ ಚುಕ್ಕೆ ಮಾತ್ರ ಉಳಿಯುತ್ತಿತ್ತು. ಹಳೆಯ ಕನ್ನಡ ಫಾಂಟುಗಳ ಕಡತ ತೆರೆದು ಕಲಸುಮೇಲೋಗರ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಅಂದಹಾಗೆ, ಹಳೆಯ ಕಿರ್ದಿಯಲ್ಲಿ 'ರೂ' ಎಂದಿದ್ದರೆ 'ರೂ' ಎಂದೇ ಒತ್ತಿ. 1940ರ ಅಂಗಡಿಯವರ ಕೈಯಲ್ಲಿ 2010ರ ₹ ಬರೆಸುವುದು ನ್ಯಾಯವಲ್ಲ.

ಪುಟ ಮುಗಿದ ಮೇಲೆ ಒಮ್ಮೆ ಕೂಡಿ ನೋಡಿ. 16 ಆಣೆಗೆ ಒಂದರಂತೆ ರೂಪಾಯಿಯ ಸಾಲಿಗೆ ಏರಿಸುತ್ತ ಹೋಗಿ. ಅಡಿಯಲ್ಲಿ ಬರೆದ ಮೊತ್ತಕ್ಕೂ ನಿಮ್ಮ ಮೊತ್ತಕ್ಕೂ ತಾಳೆಯಾಗದಿದ್ದರೆ, ಅಂಗಡಿಯವರನ್ನು ಶಂಕಿಸುವ ಮುನ್ನ ನೀವು ಒತ್ತಿದ ಗೀಟುಗಳನ್ನು ಇನ್ನೊಮ್ಮೆ ನೋಡಿ.